ಪ್ರಸ್ಥಾನದ ಗಂಟು

ನನ್ನ ಹಳೆಯ ದಿನಚರಿಯಲ್ಲಿ ಅದು ೧೪ ನವೆಂಬರ್ ೨೦೧೯, ಗುರುವಾರ. ನಾನು ಲೆಕ್ಕ ಬರೆಯುತ್ತಿದ್ದ ಮನೆಯ ಯಜಮಾನರು, ಗಳಿಗೆ ನೋಡದೆ ಮೆಟ್ಟಿಲಿಳಿಯದ ಬೆಂಗಳೂರಿನ ಸಾಹುಕಾರ ಚನ್ನವೀರಯ್ಯನವರು ಮರುದಿನ ಕೊಚ್ಚಿಯಲ್ಲಿ ವಿಹಾರದ ಹಡಗು ಹತ್ತಬೇಕಿತ್ತು.

ಬೆಳಗಾಗುತ್ತಲೇ ಡ್ರೈವರನ್ನು ಕರೆದರು. "ಕೊಯಮತ್ತೂರಿಗೆ ಟಿಕೆಟ್ಟು ಅಗ್ಗ. ನೀನು ಇವತ್ತೇ ಕಾರು ತಗೊಂಡು ಅಲ್ಲಿರು. ನಾಳೆ ಹನ್ನೆರಡಕ್ಕೆ ವಿಮಾನ ಇಳೀತೀನಿ. ಮೂರಕ್ಕೆ ಹಡಗಿನ ಗೇಟಲ್ಲಿ ಬಿಡಬೇಕು."

ಕೊಯಮತ್ತೂರಿನಿಂದ ಕೊಚ್ಚಿಗೆ ದಾರಿ ಐದು ಗಂಟೆಯದು. ಹೋದ ವರ್ಷ ಇಂಥದೇ ಅಪ್ಪಣೆಗೆ ಓಡಿಸಿ ಸತ್ತ ಜೊತೆಗಾರ ಮಲ್ಲೇಶಿಯ ಫೋಟೋ ಶೆಡ್ಡಿನ ಗೋಡೆಯಲ್ಲಿತ್ತು. ಡ್ರೈವರು ಎದುರಾಡಲಿಲ್ಲ.

"ಇವತ್ತು ಗಳಿಗೆ ಚೆನ್ನಾಗಿದೆಯಂತೆ, ಯಜಮಾನ್ರೆ. ಪ್ರಸ್ಥಾನದ ಗಂಟು ಕಾರಲ್ಲೇ ಇಟ್ಟುಬಿಡಿ."

ಪ್ರಯಾಣಕ್ಕೆ ಮುಂಚೆ ಒಳ್ಳೆಯ ಗಳಿಗೆಯಲ್ಲಿ ಮನೆಯಿಂದ ಹೊರಡಿಸುವ ಗಂಟು ಅದು. ಹೊರಟ ಮೇಲೆ ಹಿಂದಕ್ಕೆ ತಂದರೆ ಕೇಡು. ಸಾಹುಕಾರರು ಕೈಯಾರೆ ಇಟ್ಟರು.

ಸಂಜೆ ಡ್ರೈವರನ ಫೋನು ಬಂತು. "ಕಾರು ಕೊಚ್ಚಿಗೆ ಬಂದಿದೆ."

"ಕೊಯಮತ್ತೂರಿಗೆ ತಿರುಗಿಸೋ, ಕತ್ತೆ."

"ತಿರುಗಿಸ್ತೀನಿ. ಗಂಟೂ ಹಿಂದಕ್ಕೆ ಬರುತ್ತೆ. ಆಗಬಹುದಾ?"

ಸಾಹುಕಾರರು ಫೋನಿಟ್ಟರು. ಆಮೇಲೆ ಅವರು ಕೊಚ್ಚಿಗೇ ಟಿಕೆಟ್ಟು ತೆಗೆಸಿದರು.

ಹಡಗು ಹತ್ತುವಾಗ ಡ್ರೈವರಿಗೆ ಹೇಳಿದರು: "ಕಾರು ಮನೆ ಸೇರಿಸಿ ಕೀಲಿ ಕೊಟ್ಟುಬಿಡು. ಸೋಮವಾರದಿಂದ ಬರಬೇಡ."

ಸಾಹುಕಾರರಿಗೆ ತಗುಲಿದ್ದು ಒಂದು ದುಬಾರಿ ಟಿಕೆಟ್ಟು. ಡ್ರೈವರು ಕಳೆದುಕೊಂಡದ್ದು ಹದಿನೇಳು ವರ್ಷದ ಕೆಲಸ. ಶೆಡ್ಡಿನ ಗೋಡೆಯಲ್ಲಿ ಇವತ್ತಿಗೂ ಒಂದೇ ಫೋಟೋ ಇದೆ.