ಕಾಶವ್ವನ ದನಿ ಸಣ್ಣದಾದದ್ದು

ನದಿಯ ದಂಡೆಯ ಮೇಲೊಂದು ಆಶ್ರಮ. ಅಲ್ಲಿ ಅಡವಯ್ಯನವರೆಂಬ ಗುರುಗಳಿದ್ದರು. ಎಪ್ಪತ್ತೆಂಟು ವರ್ಷ. ಎಲ್ಲರೂ ಅವರನ್ನು ಅಪ್ಪಾರು ಎಂದೇ ಕರೆಯುತ್ತಿದ್ದರು.

ಅವರ ಶಿಷ್ಯ ಶಿವಪುತ್ರ. ಆಶ್ರಮಕ್ಕೆ ಬರುವ ಮೊದಲು ಮುದ್ರಣಾಲಯವೊಂದರಲ್ಲಿ ಕರಡು ತಿದ್ದುತ್ತಿದ್ದ. ಬಂದು ನಾಲ್ಕು ವರ್ಷವಾದರೂ ತಿದ್ದುವ ಚಟ ಬಿಟ್ಟಿರಲಿಲ್ಲ. ಪ್ರಸಾದದ ಮನೆಯ ಹಲಗೆಯ ಮೇಲೆ ಯಾರಾದರೂ ಒಂದು ಒತ್ತಕ್ಷರ ತಪ್ಪಿ ಬರೆದರೆ, ತಟ್ಟೆಯಲ್ಲಿ ಅನ್ನ ಆರುತ್ತಿದ್ದರೂ ಎದ್ದುಹೋಗಿ ಅಳಿಸಿ ಬರೆದು ಬರುತ್ತಿದ್ದ.

ಒಂದು ದಿನ ಅಪ್ಪಾರು ಅವನನ್ನು ಕರೆದರು.

"ಜತ್ತ ಊರಾಗ ಕಾಶವ್ವ ಅಂತ ಅದಾಳ. ಎಂಬತ್ತೆರಡು ವರ್ಷ. ಅರವತ್ತು ತತ್ವಪದ ಆಕಿ ಬಾಯಾಗ ಅದಾವು. ಬ್ಯಾರೆ ಯಾರಿಗೂ ಬರಂಗಿಲ್ಲ. ಬರಕೊ."

"ರೆಕಾರ್ಡ್ ಮಾಡಿ ಕಳಸ್ರಿ ಅಂದ್ರ ಆತಲ್ರಿ, ಅಪ್ಪಾರ?"

"ನಾನೂ ಹಂಗ ಅಂದೆ. 'ಪೆಟ್ಟಿಗಿ ಮುಂದ ಹಾಡಂಗಿಲ್ಲ, ಕೇಳೂ ಮನಷ್ಯಾ ಬೇಕು' ಅಂದ್ಲು."

ಕಾಶವ್ವ ಬಚ್ಚಲಲ್ಲಿ ಜಾರಿ ಬಿದ್ದು, ಸೊಂಟ ಮುರಿದುಕೊಂಡು, ಮಗಳ ಮನೆಯಲ್ಲಿ ಮಂಚ ಹಿಡಿದಿದ್ದಳು. ಅವಳು ಆಶ್ರಮಕ್ಕೆ ಬರುವಂತಿರಲಿಲ್ಲ. ಎರಡೇ ಕೋಣೆಯ ಆ ಮನೆಯಲ್ಲಿ ಶಿವಪುತ್ರ ತಿಂಗಳುಗಟ್ಟಲೆ ಹೋಗಿ ಉಳಿಯುವಂತೆಯೂ ಇರಲಿಲ್ಲ. ಹಾಗಾಗಿ ದಿನಾ ಬೆಳಿಗ್ಗೆ ಹತ್ತಕ್ಕೆ ಮೊಮ್ಮಗಳು ಭಾರತಿ ಅಜ್ಜಿಯ ಮುಂದೆ ಫೋನು ಹಿಡಿಯುವುದು, ಅಜ್ಜಿ ಹಾಡುವುದು, ಇಲ್ಲಿ ಶಿವಪುತ್ರ ಕೇಳಿ ಬರೆದುಕೊಳ್ಳುವುದು ಎಂದಾಯಿತು.

ನದಿಯ ದಂಡೆಯಲ್ಲಿ ಮೊಬೈಲಿಗೆ ಸಿಗ್ನಲ್ ಸಿಗುತ್ತಿರಲಿಲ್ಲ. ಗ್ರಂಥಾಲಯದ ಕಂಪ್ಯೂಟರಿಗೆ ಮಾತ್ರ ತಂತಿಯ ಇಂಟರ್ನೆಟ್ ಇತ್ತು, ಕರೆ ಮಾಡುವುದೂ ಅದರಿಂದಲೇ. ಅದು ಭಕ್ತರೊಬ್ಬರು ಕೊಟ್ಟ ಹಳೆಯ ಕಂಪ್ಯೂಟರ್. ಅದರಲ್ಲಿ ಲಿನಕ್ಸ್ ಎಂಬ ತಂತ್ರಾಂಶ ಹಾಕಿದ್ದರು. ಮಾಡಿದವರು ಅದನ್ನು ಎಲ್ಲರಿಗೂ ಬಿಟ್ಟುಕೊಟ್ಟಿದ್ದಾರೆ, ಯಾರು ಬೇಕಾದರೂ ಬಿಚ್ಚಿ ನೋಡಬಹುದು, ತಿದ್ದಬಹುದು, ಮುಂದಿನವರಿಗೆ ದಾಟಿಸಬಹುದು ಎಂದು ಶಿವಪುತ್ರ ಹಿಂದೊಮ್ಮೆ ವಿವರಿಸಿದ್ದಾಗ ಅಪ್ಪಾರಿಗೆ ಬಹಳ ಖುಷಿಯಾಗಿತ್ತು.

"ಹಂಗಾರ ಇದೂ ತತ್ವಪದನ ಬಿಡು," ಅಂದಿದ್ದರು.

ಈ ಕೆಲಸಕ್ಕೆಂದೇ ಹೊಸ ಯುಎಸ್‌ಬಿ ಹೆಡ್‌ಸೆಟ್ ಬಂತು. ಕಿವಿ ಪೂರಾ ಮುಚ್ಚುವಂಥದ್ದು. ಬಾಯ ಮುಂದೆ ಪುಟ್ಟ ಮೈಕು.

ಮೊದಲ ದಿನ ಕಾಶವ್ವ ಹಾಡಿದಳು. ಹೊಳೆಯ ಆಚೆ ದಡದಲ್ಲಿ ನಿಂತು ಯಾರೋ ಹಾಡಿದಂತೆ ಕೇಳಿಸಿತು.

"ಅವ್ವಾರ, ಸ್ವಲ್ಪ ಜೋರ ಹಾಡ್ರಿ."

ಅವಳು ಜೋರು ಮಾಡಿದಳು.

"ಇನ್ನೂ ಜೋರ, ಅವ್ವಾರ."

ಅವಳು ಇನ್ನೂ ಜೋರು ಮಾಡಿದಳು. ಶಿವಪುತ್ರ ಕೇಳಿಸಿದಷ್ಟು ಬರೆದ. ಕೇಳಿಸದ್ದನ್ನು ಊಹಿಸಿ ಬರೆದ. ಒಂದು ವಾರ ಹೀಗೇ ನಡೆಯಿತು. ಎಂಟನೆಯ ದಿನ ಕಾಶವ್ವನಿಗೆ ಕೆಮ್ಮು ಹತ್ತಿತು. ಒಂಬತ್ತನೆಯ ದಿನ, ಹನ್ನೊಂದನೆಯ ಪದದ ನಡುವೆ ಅವಳು ನಿಲ್ಲಿಸಿಬಿಟ್ಟಳು.

"ತಮ್ಮಾ, ನನ್ನ ದನಿ ಹೋತು. ಗಂಡ ಸತ್ತಾಗೂ ಹೋಗಿರಲಿಲ್ಲ, ಈಗ ಹೋತು. ಕೇಳಸಲಾರದ ಪದಾ ಹಾಡಿ ಏನ್ ಮಾಡೂದೈತಿ? ಇನ್ನ ಹಾಡಂಗಿಲ್ಲ."

ಫೋನು ಬಂದ್ ಆಯಿತು.

ಶಿವಪುತ್ರ ಅಪ್ಪಾರನ್ನು ಹುಡುಕಿಕೊಂಡು ಹೋದ. ಅವರು ಕಟ್ಟೆಯ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದರು.

"ಅಪ್ಪಾರ, ಕೆಲಸ ನಿಂತಂಗಾತ್ರಿ. ಕಾಶವ್ವಗ ವಯಸ್ಸಾತು. ದನಿ ಹೋಗೇತಿ."

"ಯಾರಂದ್ರು?"

"ಆಕೀನ ಅಂದ್ಲರಿ."

"ಆಕಿಗೆ ಯಾರಂದ್ರು?"

ಅಪ್ಪಾರು ಮೊರವನ್ನು ಪಕ್ಕಕ್ಕಿಟ್ಟು ಗ್ರಂಥಾಲಯಕ್ಕೆ ಬಂದರು. ಹೆಡ್‌ಸೆಟ್ಟನ್ನು ತಲೆಗೆ ಏರಿಸಿಕೊಂಡು, "ಏನರ ಹಚ್ಚು," ಅಂದರು.

ಕಳೆದ ವರ್ಷ ಆಶ್ರಮಕ್ಕೆ ಡೊಳ್ಳಿನ ಮೇಳ ಬಂದಿತ್ತು. ಅದರ ವಿಡಿಯೊ ಕಂಪ್ಯೂಟರಿನಲ್ಲಿತ್ತು. ಶಿವಪುತ್ರ ಅದನ್ನು ಹಚ್ಚಿದ.

ಅಪ್ಪಾರು ಕದಲದೆ ಕೂತು ಕೇಳಿದರು.

"ಡೊಳ್ಳೇನು ಇದು?"

"ಹೌದ್ರಿ."

"ಎಷ್ಟ ಮಂದಿ ಬಾರಸಾಕತ್ತಾರ?"

"ಇಪ್ಪತ್ತ ಮಂದಿ ಅದಾರ್ರಿ."

ಅಪ್ಪಾರು ಹೆಡ್‌ಸೆಟ್ ತೆಗೆದು ಅವನ ಕೈಗಿತ್ತರು.

"ಇವರಿಗೂ ಎಲ್ಲಾರಿಗೂ ಎಂಬತ್ತೆರಡು ವರ್ಷ ಏನು?"

ಅಪ್ಪಾರು ಅವರೆಕಾಯಿ ಸುಲಿಯಲು ಹೊರಟುಹೋದರು.

ಮೂರು ದಿನ ಅವನು ಆ ಕಂಪ್ಯೂಟರಿನ ಮುಂದಿನಿಂದ ಏಳಲಿಲ್ಲ.

ಪರದೆಯ ಮೂಲೆಯಲ್ಲಿದ್ದ ವಾಲ್ಯೂಮನ್ನು ನೂರಕ್ಕೆ ಏರಿಸಿದ. ಅದು ಮೊದಲೇ ನೂರರಲ್ಲಿತ್ತು. ನೂರು ದಾಟಿಸಿದರೆ ಎಣ್ಣೆಯಲ್ಲಿ ಹಪ್ಪಳ ಬಿಟ್ಟ ಹಾಗೆ ಚರಚರ ಎಂದಿತು, ಮಾತು ದೊಡ್ಡದಾಗಲಿಲ್ಲ. ಹೆಡ್‌ಸೆಟ್ಟನ್ನು ಒಂದು ತೂತಿನಿಂದ ಕಿತ್ತು ಇನ್ನೊಂದಕ್ಕೆ ಸಿಕ್ಕಿಸಿದ. ಆಶ್ರಮದ ಕಚೇರಿಯಲ್ಲಿದ್ದ ಬೇರೆ ಕಂಪ್ಯೂಟರಿಗೆ ಒಯ್ದು ಹಚ್ಚಿದ. ಅಲ್ಲಿ ಅದು ಗಟ್ಟಿಯಾಗಿ ಮಾತಾಡಿತು. ಅಂದರೆ ಹೆಡ್‌ಸೆಟ್ ಕೆಟ್ಟಿರಲಿಲ್ಲ.

ಲಿನಕ್ಸ್ ಬಳಸುವವರ ವೇದಿಕೆಯೊಂದರಲ್ಲಿ ಬರೆದು ಕೇಳಿದ. ಕಂಡರಿಯದ ಊರುಗಳಿಂದ ಎಂಟು ಮಂದಿ ಎಂಟು ದಾರಿ ಹೇಳಿದರು. ಎಂಟನ್ನೂ ಮಾಡಿದ. ಕೊನೆಯವನು ಹೇಳಿದ್ದು ದನಿಯ ಮಟ್ಟ ಏರಿಳಿಸುವ ಆಲ್ಸಾಮಿಕ್ಸರ್ ಎಂಬುದನ್ನು ತೆರೆಯಲು. ಕಪ್ಪು ಪರದೆ, ಅದರಲ್ಲಿ ಸಾಲಾಗಿ ನಿಂತ ಗಾಜಿನ ನಳಿಗೆಗಳಂಥ ಪಟ್ಟಿಗಳು. ಬಾಣದ ಗುಂಡಿ ಒತ್ತಿ ಒತ್ತಿ ಎಲ್ಲವನ್ನೂ ಕಂಠಮಟ್ಟ ತುಂಬಿಸಿದ. ಡೊಳ್ಳಿನವರು ಆಚೆ ದಡದಲ್ಲೇ ಉಳಿದರು.

ಅಷ್ಟರಲ್ಲಿ ಅಪ್ಪಾರು ಬಂದರು.

"ಎಲ್ಲಾ ತುಂಬಿಸೀನ್ರಿ, ಅಪ್ಪಾರ. ಇನ್ನ ಏರಸಾಕ ಏನೂ ಉಳದಿಲ್ಲ."

ಅಪ್ಪಾರು ಸ್ಟೂಲು ಎಳೆದುಕೊಂಡು ಪಕ್ಕದಲ್ಲಿ ಕೂತರು.

"ಓದು."

"ಏನ್ ಓದ್ಲಿರಿ?"

"ಅಲ್ಲಿ ಏನ್ ಬರದೈತಿ, ಅದನ್ನ. ಮ್ಯಾಲಿಂದ."

ಶಿವಪುತ್ರ ಮೊದಲ ಪಟ್ಟಿಯ ಹೆಸರು ಓದಿದ.

"ಅದು ಮ್ಯಾಲಲ್ಲ."

ಅವನು ಕಣ್ಣು ಮೇಲೆತ್ತಿದ. ಪಟ್ಟಿಗಳ ಮೇಲೆ, ಎಡಮೂಲೆಯಲ್ಲಿ, ಸಣ್ಣ ಅಕ್ಷರದಲ್ಲಿ ಒಂದು ಸಾಲಿತ್ತು. ಊರವರ ಕರಡಿನಲ್ಲಿ ಒಂದು ಚುಕ್ಕೆಯನ್ನೂ ಬಿಡದವನು ಅಷ್ಟೆಲ್ಲ ತುಂಬಿಸಿದರೂ ಆ ಸಾಲನ್ನು ಒಮ್ಮೆಯೂ ಓದಿರಲಿಲ್ಲ.

ಓದಿದ.

"ಯಾರ ಹೆಸರದು?"

"ಕಂಪ್ಯೂಟರದ ಸ್ವಂತ ಸೌಂಡ್ ಕಾರ್ಡರಿ. ಒಳಗಿರ್ತೈತಲ್ಲ, ಅದರದು."

"ಅದರ ದನಿ ಎಲ್ಲಿ ಹೊರಗ ಬರ್ತೈತಿ?"

"ಹಿಂದೊಂದು ತೂತೈತ್ರಿ. ಅದಕ್ಕ ಏನೂ ಸಿಗಿಸಿಲ್ಲ."

"ನಿನ್ನ ತಲಿಮ್ಯಾಲ ಇರೂದು?"

"ಇದಕ್ಕ ಇದರೊಳಗ ಬ್ಯಾರೇನ ಕಾರ್ಡ್ ಇರ್ತೈತ್ರಿ." ಶಿವಪುತ್ರನ ದನಿ ಇಳಿದುಹೋಗಿತ್ತು. "ಅದರ ಹೆಸರು ಇಲ್ಲಿಲ್ಲ."

"ಹಂಗಾರ ಮೂರು ದಿನ ಯಾರಿಲ್ಲದ ಮನಿಗೆ ನೀರ ತುಂಬಿದಿ."

ಶಿವಪುತ್ರ ತಲೆಗೆ ಕೈಹಚ್ಚಿಕೊಂಡ. ಆಮೇಲೆ ತಡೆಯಲಾಗದೆ ನಕ್ಕ. ಅಪ್ಪಾರೂ ನಕ್ಕರು.

"ಮುಂದ ಓದು."

"'ಎಫ್ ಆರು ಒತ್ತಿ, ಕಾರ್ಡ್ ಆರಿಸಿ' ಅಂತೈತ್ರಿ."

ಒತ್ತಿದ. ಎರಡು ಹೆಸರು ಬಂದವು. ಎರಡನೆಯದು ಹೆಡ್‌ಸೆಟ್ಟಿನದು. ಅದನ್ನು ಆರಿಸಿದಾಗ ಹಳೆಯ ಪಟ್ಟಿಗಳೆಲ್ಲ ಹೋಗಿ ಕೇಳುವುದಕ್ಕೆಂದು ಒಂದೇ ಒಂದು ಪಟ್ಟಿ ಬಂತು. ತಳದಲ್ಲಿ ಒಂದಿಷ್ಟು ಬಣ್ಣ, ಮೇಲೆಲ್ಲ ಖಾಲಿ. ಕೆಳಗೆ ಇಪ್ಪತ್ತೊಂದು ಎಂದಿತ್ತು.

ಶಿವಪುತ್ರ ಅದನ್ನು ಮೇಲಕ್ಕೇರಿಸಿದ. ಹೆಡ್‌ಸೆಟ್ ಕಿವಿಯಲ್ಲಿರುವುದನ್ನು ಮರೆತು ಡೊಳ್ಳು ಹಚ್ಚಿದ.

ಹಚ್ಚಿದವನು ಕುರ್ಚಿಯ ಸಮೇತ ಒಂದು ಮಾರು ಹಿಂದೆ ಹೋದ. ಅಪ್ಪಾರು ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವವರೆಗೆ ನಕ್ಕರು.

"ಆತ್ರಿ, ಅಪ್ಪಾರ! ಈಗ ಜತ್ತಕ್ಕ ಹಚ್ಚತೀನಿ."

"ಬಂದ್ ಮಾಡಿ ಹಚ್ಚು."

"ಫೋನರಿ?"

"ಕಂಪ್ಯೂಟರ."

ಬಂದ್ ಮಾಡಿ ಹಚ್ಚಿದ. ಪಟ್ಟಿ ಮತ್ತೆ ಇಪ್ಪತ್ತೊಂದಕ್ಕೆ ಇಳಿದು ಕೂತಿತ್ತು. ಶಿವಪುತ್ರ ಮತ್ತೆ ಹುಡುಕಿದ. ಏರಿಸಿದ್ದನ್ನು ಹಾಗೇ ಉಳಿಸಿಡಲು ಬೇರೆಯೇ ಒಂದು ಆಜ್ಞೆ ಇದೆಯೆಂದು ತಿಳಿಯಿತು. ಈ ಬಾರಿ ಒಂದೊಂದು ಅಕ್ಷರವನ್ನೂ ಓದಿಕೊಂಡು ಬರೆದ. ಬಂದ್ ಮಾಡಿ ಹಚ್ಚಿ ನೋಡಿದ. ಏರಿಸಿದ್ದು ಏರಿಸಿದಲ್ಲೇ ಇತ್ತು.

ಆಗ ಅವನಿಗೆ ಹೆದರಿಕೆಯಾಯಿತು.

"ಅಪ್ಪಾರ, ಆಕಿ ಸಿಟ್ಟಾಗ್ಯಾಳ. ಮತ್ತ ಹಾಡ್ರಿ ಅಂತ ಹ್ಯಾಂಗ ಕೇಳ್ಲಿ?"

"ಕೇಳಬ್ಯಾಡ," ಅಂದರು ಅಪ್ಪಾರು. "ಕೇಳು."

ಮರುದಿನ ಹತ್ತಕ್ಕೆ ಅವನು ಫೋನು ಹಚ್ಚಿದ. ಭಾರತಿ ಎತ್ತಿಕೊಂಡಳು.

"ಅಜ್ಜಿ ಮಾತಾಡಂಗಿಲ್ಲ ಅಂತಾಳ್ರಿ. ಗ್ವಾಡಿ ಕಡೆ ಮಾರಿ ಮಾಡಿ ಮಲಗ್ಯಾಳ."

"ಇರ್ಲಿ ಬಿಡ್ರಿ. ಫೋನ ಅಲ್ಲೇ ಮಗ್ಗಲದಾಗ ಇಡ್ರಿ ಸಾಕು."

ಅವಳು ಇಟ್ಟಳು. ಶಿವಪುತ್ರ ಕಣ್ಣು ಮುಚ್ಚಿ ಕೂತ. ಫ್ಯಾನು ಕಿರುಗುಟ್ಟುತ್ತಿತ್ತು. ಎಲ್ಲೋ ಕುಕ್ಕರ್ ಸೀಟಿ ಹಾಕಿತು. ಬಳೆ ಸರಿದವು. ಒಂಬತ್ತು ದಿನ ಫೋನಿನಲ್ಲಿ ಆ ಕೋಣೆಗೆ ಹೋಗಿ ಬಂದಿದ್ದ, ಆದರೆ ಕೋಣೆ ಅವನಿಗೆ ಇಂದೇ ಕೇಳಿಸಿದ್ದು.

ಆಮೇಲೆ ಒಂದು ಪಿಸುಮಾತು.

"ಆ ಕಿವುಡ ಮತ್ತ ಬಂದಾನೇನು?"

"ಬಂದಾನ್ರಿ, ಅವ್ವಾರ," ಅಂದ ಶಿವಪುತ್ರ. "ಆ ಕಿವುಡನ ಬಂದಾನ."

ಬಳೆಗಳ ಸದ್ದು ನಿಂತಿತು.

"ನಾ ಭಾರತಿ ಕಿವ್ಯಾಗ ಅಂದಿದ್ದೆ."

"ಕೇಳಿಸ್ತ್ರಿ."

"ಅದು ಹ್ಯಾಂಗ?"

"ಅವ್ವಾರ, ನಿಮ್ಮ ದನಿ ಎಲ್ಲೂ ಹೋಗಿಲ್ಲ. ನನ್ನ ಕಡೇನ ಕಡಿಮಿ ಇತ್ತು. ಅದನ್ನ ನೋಡಲಾರದ ನಿಮಗ ಜೋರ ಮಾಡ್ರಿ, ಜೋರ ಮಾಡ್ರಿ ಅಂದೆ. ತಪ್ಪಾತ್ರಿ."

ಕಾಶವ್ವ ಇತ್ತ ಹೊರಳುವಾಗ ಮಂಚ ಕಿರ್ ಎಂದದ್ದು ಕೇಳಿಸಿತು. ನಂತರ, ಉಸಿರಿಗಿಂತ ಸಣ್ಣ ದನಿಯಲ್ಲಿ:

"ಈ ಮನ್ಯಾಗ ಸಕ್ಕರಿ ಡಬ್ಬಿ ಎಲ್ಲಿ ಮುಚ್ಚಿಟ್ಟಾರ ಗೊತ್ತೇನು? ಕಪಾಟದಾಗ, ಸೀರಿ ಅರಿವಿ ಹಿಂದ. ನನಗ ಸಕ್ಕರಿ ಬ್ಯಾನಿ ಅಂತ. ನಾ ಏನ ಅಂದ್ನಿ, ಹೇಳು ನೋಡೂಣು."

"ಸಕ್ಕರಿ ಡಬ್ಬಿ ಕಪಾಟದಾಗ, ಸೀರಿ ಅರಿವಿ ಹಿಂದ ಐತಿ ಅಂದ್ರಿ."

"ಅಜ್ಜೀ!" ಭಾರತಿ ಕಿರುಚಿದಳು. "ನಿನಗ ಹ್ಯಾಂಗ ಗೊತ್ತಾತದು?"

ಕಾಶವ್ವ ನಕ್ಕಳು. ಹಲ್ಲಿಲ್ಲದ ಬಾಯಿಯ ಆ ನಗು ಎರಡೂ ಕಿವಿ ತುಂಬಿ ಬಂತು. ಶಿವಪುತ್ರನೂ ನಕ್ಕ, ಮೂಗು ಒರೆಸಿಕೊಂಡ.

"ತಮ್ಮಾ, ಇವು ಒದರಿ ಹಾಡೂ ಪದಾ ಅಲ್ಲೋ. ಮಗ್ಗಲದಾಗ ಕುಂತಾವರಿಗೆ ಹಾಡೂವು. ಕುಂತೀ ಏನು?"

"ಕುಂತೀನ್ರಿ."

ಅವಳು ಮೊದಲ ಪದದಿಂದಲೇ ಶುರು ಮಾಡಿದಳು.

*ಒಲಿ ಹಚ್ಚಿ ಕುಂತೇನ, ಉಣ್ಣಾಂವ ಒಳಗದಾನ.*

ಶಿವಪುತ್ರ ಹಳೆಯ ಹಾಳೆ ತೆಗೆದು ನೋಡಿದ. 'ಉಣ್ಣಾಂವ ಒಳ್ಳ್ಯಾಂವ' ಎಂದು ಬರೆದಿದ್ದ, ಕೆಳಗೆ ಅಂದವಾಗಿ ಗೆರೆಯನ್ನೂ ಎಳೆದಿದ್ದ. ಕೆಂಪು ಪೆನ್ನು ತೆಗೆದುಕೊಂಡ. ಅವಳು ಹಾಡುತ್ತ ಹೋದಂತೆ ಹನ್ನೊಂದು ಪದಗಳಲ್ಲಿ ಮೂವತ್ತನಾಲ್ಕು ಕಡೆ ತಿದ್ದಿದ. ಇಷ್ಟೊಂದು ತಪ್ಪು ಮಾಡಿದವನ ಕರಡನ್ನು ಅವನು ಮುದ್ರಣಾಲಯದಲ್ಲೂ ಕಂಡಿರಲಿಲ್ಲ.

ಕೆಲಸ ಮುಂದುವರಿಯಿತು. ಕಾಶವ್ವನ ಕೆಮ್ಮು ನಿಂತಿತು. ಕೆಲವು ದಿನ ಅವಳು ಒಂದು ಪದ ಹಾಡಿ, ಉಳಿದ ಹೊತ್ತು ಮಗಳ ಮೇಲೆ ಚಾಡಿ ಹೇಳುತ್ತಿದ್ದಳು. ಅವನು ಅದನ್ನೂ ಕೇಳುತ್ತಿದ್ದ.

ನಲವತ್ತೆರಡನೆಯ ಪದದ ದಿನ ಅಪ್ಪಾರು ಗ್ರಂಥಾಲಯಕ್ಕೆ ಬಂದರು.

"ಇವತ್ತ ನಾನೂ ಕೇಳತೀನಿ," ಅಂದರು.

ಶಿವಪುತ್ರ ಹೆಡ್‌ಸೆಟ್ಟನ್ನು ಅವರ ತಲೆಗೆ ಏರಿಸಿ, ತಾನು ಸ್ಟೂಲಿನ ಮೇಲೆ ಕೂತ. ಅವನಿಗೆ ಏನೂ ಕೇಳಿಸುತ್ತಿರಲಿಲ್ಲ. ಅಪ್ಪಾರ ಮುಖವನ್ನೇ ನೋಡುತ್ತಿದ್ದ. ಅವರು ಕಣ್ಣು ಮುಚ್ಚಿದ್ದರು. ತಲೆ ಮೆಲ್ಲಗೆ ತೂಗುತ್ತಿತ್ತು, ಬೆರಳು ತೊಡೆಯ ಮೇಲೆ ತಾಳ ಹಾಕುತ್ತಿತ್ತು.

ಇದ್ದಕ್ಕಿದ್ದಂತೆ ತಲೆ ನಿಂತಿತು. ಬೆರಳೂ ನಿಂತಿತು.

ಶಿವಪುತ್ರ ಒಂದು ಕ್ಷಣ ಕಾದ. ಇನ್ನೊಂದು ಕ್ಷಣ ಕಾದ. ಅಪ್ಪಾರು ಕದಲಲಿಲ್ಲ. ಧಡಕ್ಕನೆ ಎದ್ದು ಕೀಲಿಮಣೆಗೆ ಕೈಹಾಕಿದ.

"ಅಪ್ಪಾರ, ಕೇಳಸವಲ್ದೇನ್ರಿ? ಏರಸ್ಲೇನು?"

ಅಪ್ಪಾರು ಕಣ್ಣು ತೆರೆಯಲಿಲ್ಲ. ಒಂದು ಬೆರಳೆತ್ತಿದರು.

"ಸುಮ್ಮ ಕುಂದರು. ಅವ್ವ ಉಸಿರು ತಗೊಳ್ಳಾಕತ್ತಾಳ."