ಡ್ಯೂಟಿ ಮೇಲಿದ್ದ ಹಗ್ಗ

ನಾನು ಅಲ್ಲಿರಲಿಲ್ಲ, ಆದರೂ ಕಣ್ಣಾರೆ ಕಂಡಂತೆ ಹೇಳುತ್ತೇನೆ. ಇನ್‌ಸ್ಪೆಕ್ಟರ್ ಸಾಹೇಬರು ಗಸ್ತಿನ ಜೀಪು ತಪಾಸಣೆ ಮಾಡಿದರು. ಹಗ್ಗವಿಲ್ಲ, ರಸ್ತೆಗೆ ಅಡ್ಡ ಇಡುವ ಕೆಂಪು ಕೋನ್‌ಗಳೂ ಇಲ್ಲ.

"ಈಗಲೇ ತೋರ್ಸು, ಇಲ್ದಿದ್ರೆ ಸಸ್ಪೆಂಡ್!" ಎಂದು ಡ್ರೈವರ್ ಪುಟ್ಟಮಾದಯ್ಯನ ಮೇಲೆ ಗುಡುಗಿದರು.

"ಎಲ್ಲಾ ಡ್ಯೂಟಿ ಮೇಲವೆ ಸಾರ್, ಜೀಪ್ ಹತ್ತಿ, ತೋರಿಸ್ತೀನಿ."

ಜೀಪು ಸೀದಾ ಸಾಹೇಬರ ಕ್ವಾರ್ಟರ್ಸ್ ಮುಂದೆ ನಿಂತಿತು. ಹಗ್ಗದ ಮೇಲೆ ಅಮ್ಮಾವ್ರ ಸೀರೆಗಳು ಒಣಗುತ್ತಿದ್ದವು. ರಸ್ತೆಯಲ್ಲಿ ಹರವಿದ್ದ ಸಂಡಿಗೆಯ ಸುತ್ತ ಕೋನ್‌ಗಳು ಕಾವಲು ನಿಂತಿದ್ದವು.

"ರೀ, ಅಲ್ಲೇ ನಿಲ್ಸಿ! ಸಂಡಿಗೆಗೆ ಧೂಳು ಬೀಳುತ್ತೆ!" ಅಮ್ಮಾವ್ರು ಬಾಗಿಲಿಂದಲೇ ಕೂಗಿದರು.

"ಎಲ್ಲಾ ಜೀಪಿಗೆ ಹಾಕ್ಕೊಳ್ಲಾ ಸಾರ್? ಅಮ್ಮಾವ್ರಿಗೆ ನೀವೇ ಒಂದ್ಮಾತು ಹೇಳ್ಬಿಡಿ," ಎಂದ ಪುಟ್ಟಮಾದಯ್ಯ.

ಸಾಹೇಬರು ಬಾಗಿಲ ಕಡೆ ನೋಡಿದರು. ಕೆಳಗಿಳಿಯಲಿಲ್ಲ. 'ಜೀಪಿನ ಸಾಮಾನು ಪೂರ್ತಿ ಇದೆ' ಎಂದು ಕೂತಲ್ಲೇ ಬರೆದು ಸಹಿ ಹಾಕಿದರು.