ಮುಂದಿನ ಬ್ರೇಕಿನ ಸದ್ದು

ಹುಲಿಗೆಮ್ಮನ ಕೈಲಿ ಇದು ಆಗದು ಎಂದು ಮೊದಲು ಹೇಳಿದವಳು ಅವಳ ಅತ್ತಿಗೆ. ಹಾಲಿನ ಕ್ಯಾನು ಕಟ್ಟಿಕೊಂಡು ಊರು ಸುತ್ತುವುದೇ ಬೇರೆ, ಬಂಡೆಗಲ್ಲಿನ ಬೆಟ್ಟದಿಂದ ಸೈಕಲ್ ಇಳಿಸುವುದೇ ಬೇರೆ ಎಂದಳು.

ಸೈಕಲ್ ಅಂಗಡಿಯವನು ಅಷ್ಟು ಮಾತೂ ಆಡಲಿಲ್ಲ. ಮುಂದೆ ಬುಟ್ಟಿ ಇದ್ದ ಲೇಡೀಸ್ ಸೈಕಲ್ ತೋರಿಸಿ, ನಿಮಗೆ ಇದು ಸಾಕಲ್ಲ ಅಕ್ಕಾ ಎಂದು ನಕ್ಕ.

ಹುಲಿಗೆಮ್ಮ ಬುಟ್ಟಿಯ ಕಡೆ ನೋಡಲಿಲ್ಲ. ಮೂಲೆಯಲ್ಲಿ ಯಾರೋ ಓಡಿಸಿ ಬಿಟ್ಟಿದ್ದ ದಪ್ಪ ಟೈರಿನ ಹಳೆಯ ಬೆಟ್ಟದ ಸೈಕಲ್ ಇತ್ತು. ಅದನ್ನು ಕೊಂಡು, ತಳ್ಳಿಕೊಂಡೇ ನದಿಯ ದಂಡೆಗೆ ಹೋದಳು.

ಅಲ್ಲಿ ಗುರು ಹುಸೇನಪ್ಪ ಇದ್ದರು.

ಒಂದು ತಗಡಿನ ಛಾವಣಿ, ಒಂದು ಬೇವಿನ ಮರ, ಹಿಂದೆ ಬೆಟ್ಟ, ಮುಂದೆ ನೀರು. ಬೆಟ್ಟದ ತುದಿಯಿಂದ ನದಿಯವರೆಗೆ ಬಂಡೆಗಳ ನಡುವೆ ಒಂದೇ ಇಳಿಜಾರು. ಅದನ್ನು ಸೈಕಲ್ಲಿನಲ್ಲಿ ಇಳಿಯುವುದನ್ನು ಕಲಿಸುವುದು ಅವರ ಕೆಲಸ.

ಮೊದಲ ದಿನ ಗುರುಗಳು ಅವಳ ಸೈಕಲ್ ನೋಡಿ, ಸಡಿಲವಾಗಿದ್ದ ಹ್ಯಾಂಡಲ್ ಬಿಗಿಮಾಡಲು ಸ್ಪ್ಯಾನರ್ ಎತ್ತಿಕೊಂಡರು.

"ಕೊಡ್ರಿ, ನಾನ ಮಾಡ್ಕೋತೀನಿ," ಎಂದು ಹುಲಿಗೆಮ್ಮ ಅದನ್ನು ಅವರ ಕೈಯಿಂದ ತೆಗೆದುಕೊಂಡಳು.

ಗುರುಗಳು ಕೊಟ್ಟುಬಿಟ್ಟರು.

ಟೈರಿಗೆ ಎಷ್ಟು ಗಾಳಿ ಇರಬೇಕು ಎಂದು ಅವಳು ಕೇಳಿದಳು.

"ಇಳಿದು ನೋಡು," ಅಂದರು ಗುರುಗಳು.

ಹಾಲಿನ ಸೈಕಲ್ಲಿಗೆ ಹೊಡೆಯುತ್ತಿದ್ದಷ್ಟೇ ಗಟ್ಟಿಯಾಗಿ ಗಾಳಿ ಹೊಡೆದು ಅವಳು ಇಳಿದಳು. ಕಲ್ಲು ಕಲ್ಲಿಗೂ ಚಕ್ರ ಚೆಂಡಿನ ಹಾಗೆ ಪುಟಿಯಿತು. ಹುಣಸೆಮರದ ತಿರುವಿನಲ್ಲಿ ಸೈಕಲ್ ಒಂದು ಕಡೆ, ಅವಳು ಒಂದು ಕಡೆ. ಎರಡೂ ಅಂಗೈಯ ಚರ್ಮ ಹೋಯಿತು.

ಮರುವಾರ ಗಾಳಿ ಕಡಿಮೆ ಮಾಡಿದಳು. ರಿಮ್ಮು ಬಂಡೆಗೆ ಬಡಿದು ಟ್ಯೂಬು ಎರಡು ಕಡೆ ಸೀಳಿತು. ಅದರ ಮರುವಾರದಿಂದ ಗಾಳಿ ಎಷ್ಟು ಬೇಕೆಂಬುದು ಅವಳ ಹೆಬ್ಬೆರಳಿಗೆ ಗೊತ್ತಾಯಿತು.

ಬೂಟು ಯಾವುದು ಎಂದು ಕೇಳಿದಾಗಲೂ ಅದೇ ಉತ್ತರ. ನುಣುಪು ತಳದ ಬೂಟು ಹಾಕಿ ಇಳಿದಳು. ಕಾಲು ಜಾರಿ ಪೆಡಲಿನ ಕಬ್ಬಿಣದ ಹಲ್ಲು ಮೊಣಕಾಲ ಕೆಳಗೆ ಉದ್ದಕ್ಕೆ ಗೀರಿತು. ಅದರ ಬದಲು ಪೆಡಲನ್ನು ಕಚ್ಚಿ ಹಿಡಿಯುವ ರಬ್ಬರ್ ತಳದ ಗಟ್ಟಿ ಬೂಟು ಬಂತು. ಕೊಂಡ ಮೊಣಕಾಲ ಕವಚ ಜಾರಿ ಪಾದಕ್ಕೆ ಬರುತ್ತಿತ್ತು; ಹಳೆಯ ಮಂಚದ ಪಟ್ಟಿಯಿಂದ ಅದಕ್ಕೆ ತಾನೇ ಕಟ್ಟು ಹೊಲಿದಳು. ಮೆತ್ತನೆಯ ದಪ್ಪ ಸೀಟು ಆರಾಮ ಎಂದುಕೊಂಡಿದ್ದಳು, ತೊಡೆ ಹುಣ್ಣಾಗಿ ಮೂರು ದಿನ ಕೂರಲಾಗಲಿಲ್ಲ. ಅದನ್ನು ಕಿತ್ತು ಗಟ್ಟಿ ಸೀಟು ಹಾಕಿದಳು.

ಬ್ರೇಕು ಕೊನೆಗೆ ಬಂತು.

ಚಕ್ರದ ತಟ್ಟೆಯನ್ನು ಎರಡು ಕಡೆಯಿಂದ ಒತ್ತಿ ನಿಲ್ಲಿಸುವ ಸಣ್ಣ ಬಿಲ್ಲೆಗಳಲ್ಲಿ ಮೆತ್ತನೆಯದೂ ಇದೆ, ಗಟ್ಟಿಯದೂ ಇದೆ. ಗಟ್ಟಿಯದು ಕೀಚು ಕೀಚು ಎಂದು ಊರಿಗೆಲ್ಲ ಕೇಳಿಸುತ್ತದೆ. ಮೆತ್ತನೆಯದು ಸದ್ದಿಲ್ಲದೆ ಚೆನ್ನಾಗಿ ಹಿಡಿಯುತ್ತದೆ. ಅವಳು ಮೆತ್ತನೆಯದನ್ನು ಹಾಕಿದಳು.

ಮಳೆಗಾಲದಲ್ಲಿ ನದಿಯ ಮರಳು ಅದನ್ನು ಮೂರೇ ವಾರದಲ್ಲಿ ತಿಂದು ಹಾಕಿತು. ಒಂದು ದಿನ ಮುಂದಿನ ಬ್ರೇಕು ಕರ್ರ್ ಎಂದು ಒಣ ಸದ್ದು ಮಾಡಿತು. ಒಲೆಯ ಬೂದಿಯಲ್ಲಿ ತವೆಯನ್ನು ಉಜ್ಜಿದ ಹಾಗೆ. ಏನೆಂದು ಅವಳಿಗೆ ತಿಳಿಯಲಿಲ್ಲ. ಹುಣಸೆಮರದ ತಿರುವಿನಲ್ಲಿ ಬ್ರೇಕು ಹಿಡಿಯಲೇ ಇಲ್ಲ.

ಗುರುಗಳು ಅವಳನ್ನು ಎತ್ತಿ ಕೂರಿಸಿ, ಬಾಯಿಗೆ ನೀರು ಹಾಕಿ, ಮರಳಿನಲ್ಲಿ ಬಿದ್ದಿದ್ದ ಮುಂಬಲ್ಲನ್ನು ಹುಡುಕಿ ಕೈಗೆ ಕೊಟ್ಟರು.

ಅಂದಿನಿಂದ ಅವಳು ನಗುವಾಗ ಕೈ ಅಡ್ಡ ಹಿಡಿಯಲಿಲ್ಲ. ನೋಡಲಿ ಎಂದೇ ನಗುತ್ತಿದ್ದಳು.

ಎರಡು ವರ್ಷ ಹೀಗೆ ಕಳೆಯಿತು. ಆಮೇಲೆ ಸುನಯನಾ ಬಂದಳು.

ನಗರದ ಹುಡುಗಿ. ಸೈಕಲ್ಲನ್ನು ಕಾರಿನ ಮೇಲೆ ಕಟ್ಟಿಕೊಂಡು ಬಂದಿದ್ದಳು. ದೊಡ್ಡ ಚೀಲದಲ್ಲಿ ಹೆಲ್ಮೆಟ್ಟು, ಕೈಗವಸು, ಮೊಣಕಾಲಿಗೂ ಮೊಣಕೈಗೂ ಕವಚ, ಎಲ್ಲವೂ ಹೊಸತು. ಗುರುಗಳ ಮುಂದೆ ಎಲ್ಲವನ್ನೂ ಹರವಿ, ನನಗೆ ಇದರಲ್ಲಿ ಒಂದೂ ಜೋಡಿಸಲು ಬರುವುದಿಲ್ಲ, ನೀವೇ ಮಾಡಿಕೊಡಬೇಕು ಎಂದು ನಕ್ಕಳು.

ಗುರುಗಳು ಕೂತು ಮಾಡಿಕೊಟ್ಟರು.

ಸೀಟಿನ ಎತ್ತರಕ್ಕೆ ಮೂರು ಸಲ ಅವಳನ್ನು ಹತ್ತಿಸಿ ಇಳಿಸಿದರು. ಅವಳ ಬೆರಳಿನ ಉದ್ದ ನೋಡಿ ಬ್ರೇಕಿನ ಹಿಡಿಯನ್ನು ಒಳಕ್ಕೆ ತಂದರು. ಚೈನು ಒರೆಸಿದರು. ಹುಲಿಗೆಮ್ಮ ಬೇವಿನ ಮರದ ಕೆಳಗೆ ತನ್ನ ಚಕ್ರ ಬಿಚ್ಚಿಕೊಂಡು ಕೂತು ಎಲ್ಲವನ್ನೂ ನೋಡಿದಳು. ಅಚ್ಚಿನ ಒಂದೇ ತಿರುಪನ್ನು ನಾಲ್ಕು ಸಲ ಬಿಗಿಮಾಡಿದಳು.

ಅಂದು ಮಧ್ಯಾಹ್ನ ರೊಟ್ಟಿ ಸೇರಲಿಲ್ಲ.

ಸುನಯನಾ ನದಿಗೆ ಇಳಿದಾಗ ಹುಲಿಗೆಮ್ಮ ಅವಳ ಹೆಲ್ಮೆಟ್ಟನ್ನು ತಲೆಗೆ ಹಾಕಿ ನೋಡಿದಳು. ಚೆನ್ನಾಗಿ ಕೂತಿತು. ಅದಕ್ಕೇ ಇನ್ನಷ್ಟು ಸಿಟ್ಟು ಬಂತು.

ದಿನ ಕಳೆದಂತೆ ಅದು ಹೆಚ್ಚಿತು. ಸುನಯನಾ ಏನಾದರೂ ಹೇಳಿದರೆ ಗುರುಗಳು ನಗುತ್ತಿದ್ದರು. ತಾನು ಎರಡು ವರ್ಷದಲ್ಲಿ ಅವರನ್ನು ಎಷ್ಟು ಸಲ ನಗಿಸಿದ್ದೇನೆ ಎಂದು ಹುಲಿಗೆಮ್ಮ ಲೆಕ್ಕ ಹಾಕಿದಳು. ಲೆಕ್ಕ ಒಂದು ಕೈಯಲ್ಲೇ ಮುಗಿಯಿತು.

ನಿಮ್ಮ ಮೊಣಕಾಲ ಕಟ್ಟು ಜಾರುವುದೇ ಇಲ್ಲವಲ್ಲ ಅಕ್ಕಾ, ನನಗೂ ಹಾಗೆ ಹೊಲಿದುಕೊಡಿ ಎಂದು ಸುನಯನಾ ಕೇಳಿದಳು. ಪುರುಸೊತ್ತಿಲ್ಲ ಎಂದಳು ಹುಲಿಗೆಮ್ಮ. ಆ ಸಂಜೆ ನದಿಯ ಕಲ್ಲಿನ ಮೇಲೆ ಕತ್ತಲಾಗುವ ತನಕ ಸುಮ್ಮನೆ ಕೂತಿದ್ದಳು.

ಕೊನೆಗೆ ತಡೆಯಲಾರದೆ ಗುರುಗಳ ಎದುರು ನಿಂತಳು.

"ನನ್ನ ಸೈಕಲ್ಲಿನ ಒಂದು ತಿರುಪೂ ನೀವು ಮುಟ್ಟಲಿಲ್ಲ. ಆಕಿದು ಎಲ್ಲಾ ಮಾಡಿಕೊಡ್ತೀರಿ."

"ಮಾಡಿಕೊಡ್ರಿ ಅಂತ ಆಕಿ ಕೇಳಿದಳು," ಅಂದರು ಗುರುಗಳು.

"ನಾನು?"

"ನೀ ಯಾವಾಗ ಕೇಳಿದಿ?"

ಅವಳು ಸೈಕಲ್ ಹಿಡಿದು ತಿರುಗಿದಳು. ಕೇಳಿ ಪಡೆದದ್ದು ತನ್ನದಾಗುತ್ತದೆಯೇ ಎಂದು ಮನಸ್ಸಿನಲ್ಲೇ ಅಂದುಕೊಂಡು ಹೋದಳು.

ಮಳೆ ಮುಗಿಯುತ್ತ ಬಂದಾಗ ಗುರುಗಳು ಇಬ್ಬರನ್ನೂ ಕರೆದರು. ತಮ್ಮ ಮೊಣಕಾಲು ಪೂರ್ತಿ ಹೋಗಿದೆ, ಇನ್ನು ಮೇಲೆ ಹೊಸಬರಿಗೆ ಕಲಿಸುವುದು ಆಗದು ಎಂದರು. ಬರುವ ಭಾನುವಾರ ಇಬ್ಬರೂ ಒಟ್ಟಿಗೆ ತುದಿಯಿಂದ ಇಳಿಯಲಿ. ಯಾರು ಮೊದಲು ನದಿಯ ನೀರು ಮುಟ್ಟುತ್ತಾರೋ ಇಳಿಜಾರು ಅವರದು. ಅಂದಿನಿಂದ ಇಲ್ಲಿ ಕಲಿಸುವವರು ಅವರೇ.

ನಾನು ಸುಮ್ಮನೆ ಜೊತೆಗೆ ಇಳಿಯುತ್ತೇನೆ, ಅಕ್ಕನನ್ನು ಹಿಂದೆ ಹಾಕುವವರು ಯಾರು ಎಂದಳು ಸುನಯನಾ. ಆದರೆ ಹುಲಿಗೆಮ್ಮ ಆ ವಾರವೆಲ್ಲ ನೋಡಿದ್ದಳು. ಹುಡುಗಿ ಹಗುರವಾಗಿದ್ದಳು, ಹೆದರುತ್ತಿರಲಿಲ್ಲ. ಕೆಳಗಿನ ಬಂಡೆಗಳ ಮೇಲೆ ತನಗಿಂತ ವೇಗವಾಗಿ ಹೋಗುತ್ತಿದ್ದಳು.

ಎರಡು ವರ್ಷದ ಚರ್ಮ, ರಕ್ತ, ಹಲ್ಲು. ಅದೆಲ್ಲವನ್ನೂ ಎರಡೇ ತಿಂಗಳಲ್ಲಿ ಒಬ್ಬಳು ನಗುತ್ತಾ ಎತ್ತಿಕೊಂಡು ಹೋಗುತ್ತಾಳೆ ಎಂದು ಅವಳಿಗೆ ಅನಿಸಿತು.

ಭಾನುವಾರ ಬೆಳಿಗ್ಗೆ ಗುರುಗಳು ನೀರಿನ ಅಂಚಿನಲ್ಲಿ ಕಲ್ಲಿನ ಮೇಲೆ ಕೂತರು. ಇಬ್ಬರೂ ಸೈಕಲ್ ತಳ್ಳಿಕೊಂಡು ಬೆಟ್ಟ ಹತ್ತಿದರು.

ತುದಿಯಲ್ಲಿ ಸುನಯನಾ ಸೈಕಲ್ಲನ್ನು ಹಿಂದೆ ಮುಂದೆ ಮಾಡಿ ಬ್ರೇಕು ಹಿಡಿದು ನೋಡಿದಳು.

ಮುಂದಿನ ಚಕ್ರದಿಂದ ಕರ್ರ್ ಎಂದು ಬಂತು. ಒಣ ಸದ್ದು. ತವೆ ಉಜ್ಜಿದ ಹಾಗೆ.

ಹುಲಿಗೆಮ್ಮನ ನಾಲಿಗೆ ತಾನಾಗಿಯೇ ಬಾಯೊಳಗಿನ ಖಾಲಿ ಜಾಗಕ್ಕೆ ಹೋಯಿತು.

"ಅಕ್ಕಾ, ಮುಂದಿನ ಬ್ರೇಕ್ ನಿನ್ನೆಯಿಂದ ಹೀಗೆ ಸದ್ದು ಮಾಡ್ತಿದೆ," ಎಂದಳು ಸುನಯನಾ. "ಇದು ಪರವಾಗಿಲ್ವಾ?"

ಹುಲಿಗೆಮ್ಮನ ಸೊಂಟದ ಚೀಲದಲ್ಲಿ ಒಂದು ಜೊತೆ ಗಟ್ಟಿ ಬಿಲ್ಲೆ ಯಾವಾಗಲೂ ಇರುತ್ತಿತ್ತು. ಚಕ್ರ ಬಿಚ್ಚಿ ಹಾಕಿಕೊಡಲು ಒಂದು ಎಲೆ ಅಡಿಕೆ ಹಾಕಿಕೊಳ್ಳುವಷ್ಟು ಹೊತ್ತು ಸಾಕು.

ಕೆಳಗೆ ನದಿ ಹೊಳೆಯುತ್ತಿತ್ತು. ಗುರುಗಳು ಒಂದು ಚುಕ್ಕಿಯಾಗಿ ಕಾಣುತ್ತಿದ್ದರು.

"ಇಳಿದು ನೋಡು," ಎಂದಳು ಹುಲಿಗೆಮ್ಮ.

ಸುನಯನಾ ನಕ್ಕು ತಲೆಯಾಡಿಸಿದಳು. ಇಬ್ಬರೂ ಹೊರಟರು.

ಮೊದಲ ಬಂಡೆಗಳು ಮುಗಿಯುವ ಹೊತ್ತಿಗೆ ಹುಡುಗಿ ಹತ್ತು ಮಾರು ಮುಂದಿದ್ದಳು. ಹುಣಸೆಮರದ ತಿರುವು ಹತ್ತಿರ ಬಂತು. ಸುನಯನಾಳ ಕೈ ಬ್ರೇಕಿನ ಹಿಡಿಯನ್ನು ಪೂರ್ತಿ ಒತ್ತಿದ್ದು ಹಿಂದಿನಿಂದ ಕಾಣಿಸಿತು. ಸೈಕಲ್ಲಿನ ವೇಗ ಕಡಿಮೆಯಾಗಲಿಲ್ಲ.

ಹುಲಿಗೆಮ್ಮ ತಿರುವಿಗೆ ಬಂದಾಗ ಧೂಳು ಇನ್ನೂ ಇಳಿದಿರಲಿಲ್ಲ. ಹುಡುಗಿ ಮರಕ್ಕೆ ಬಡಿದು, ಅದರ ಬುಡದಲ್ಲಿ ಕೂತು, ಎಡ ಭುಜವನ್ನು ಬಲಗೈಯಲ್ಲಿ ಹಿಡಿದುಕೊಂಡಿದ್ದಳು. ಮುಖ ಬಿಳುಚಿಕೊಂಡಿತ್ತು.

ಎದ್ದು ಕೂತಿದ್ದಾಳಲ್ಲ, ಎಂದುಕೊಂಡಳು ಹುಲಿಗೆಮ್ಮ. ಬ್ರೇಕಿನ ಮೇಲಿದ್ದ ಬೆರಳನ್ನು ಸಡಿಲಬಿಟ್ಟಳು.

ನದಿಯ ನೀರು ತಣ್ಣಗಿತ್ತು.

ಗುರುಗಳು ಅವಳ ಒದ್ದೆ ಕೈ ನೋಡಲಿಲ್ಲ. ಆಕಿ ಎಲ್ಲಿ ಎಂದು ಕೇಳಿದರು. ತಿರುವಿನಲ್ಲಿ ಬಿದ್ದಳು ಎಂದಾಗ ಕಲ್ಲಿನಿಂದ ಇಳಿದು, ಕುಂಟುತ್ತಾ ಬೆಟ್ಟ ಹತ್ತತೊಡಗಿದರು. ಹುಲಿಗೆಮ್ಮ ಅವರ ಹಿಂದೆ ಹೋದಳು. ಅವರನ್ನು ದಾಟಿ ಮುಂದೆ ಹೋಗಬಹುದಿತ್ತು. ಹೋಗಲು ಮುಖವಿರಲಿಲ್ಲ.

ಇಬ್ಬರೂ ಸೇರಿ ಹುಡುಗಿಯನ್ನು ಕೆಳಗೆ ತಂದರು. ಪಕ್ಕದ ಊರಿನ ಡಾಕ್ಟರು ಕತ್ತಿನ ಕೆಳಗಿನ ಮೂಳೆ ಮುರಿದಿದೆ ಎಂದು ಕೈಯನ್ನು ಬಟ್ಟೆಯ ಜೋಳಿಗೆಯಲ್ಲಿಟ್ಟು ಕಟ್ಟಿದರು. ಮಧ್ಯಾಹ್ನ ಮನೆಯವರು ಕಾರು ತಂದರು.

ಕಾರಿನಲ್ಲಿ ಕೂತ ಮೇಲೂ ಸುನಯನಾ ತಮಾಷೆ ಬಿಡಲಿಲ್ಲ.

"ಗುರುಗಳೇ, ಅಕ್ಕ ಥೇಟ್ ನಿಮ್ಮ ಹಾಗೇ ಹೇಳಿದ್ರು. ಸದ್ದು ಬರ್ತಿದೆ ಅಂದ್ರೆ, ಇಳಿದು ನೋಡು ಅಂತ. ನೋಡಿಬಿಟ್ಟೆ."

ಗುರುಗಳು ನಗಲಿಲ್ಲ. ಅವಳ ತಲೆಯ ಮೇಲೆ ಕೈಯಿಟ್ಟು ಬಾಗಿಲು ಮುಚ್ಚಿದರು.

ಸಂಜೆ ಗುರುಗಳು ಮುರಿದ ಸೈಕಲ್ಲನ್ನು ಬೇವಿನ ಮರಕ್ಕೆ ಒರಗಿಸಿ, ಮುಂದಿನ ಚಕ್ರ ಬಿಚ್ಚಿದರು. ಬ್ರೇಕಿನ ಎರಡು ಬಿಲ್ಲೆಗಳನ್ನು ತೆಗೆದು ಹುಲಿಗೆಮ್ಮನ ಅಂಗೈಯಲ್ಲಿಟ್ಟರು. ಬರೀ ತಗಡು ಉಳಿದಿತ್ತು.

"ಮ್ಯಾಲೆ ಸದ್ದು ಕೇಳಿಸಿತೇನು?"

"ಕೇಳಿಸಿತು."

"ಏನು ಅಂತ ಗೊತ್ತಿತ್ತೇನು?"

"ಗೊತ್ತಿತ್ತು."

ಗುರುಗಳು ಚಕ್ರವನ್ನು ಒರೆಸುತ್ತಿದ್ದರು. ಬೈದಿದ್ದರೆ ಅವಳು ಸುಮ್ಮನಿರುತ್ತಿದ್ದಳೇನೋ. ಬೈಯಲಿಲ್ಲ.

"ನೀವೂ ನನಗ ಅದನ್ನ ಹೇಳಿದ್ರಿ," ಎಂದಳು. "ಟೈರಿಗೂ ಅದನ್ನ, ಬೂಟಿಗೂ ಅದನ್ನ. ಇಳಿದು ನೋಡು. ನಾನು ಬಿದ್ದು ಕಲಿತೆ. ಆಕಿಗೆ ಪುಕ್ಕಟ ಯಾಕ ಹೇಳಬೇಕು?"

"ಬಿದ್ದಾಗ ನಿನ್ನ ಎತ್ತಿದವರು ಯಾರು?"

"ನೀವು."

"ಪ್ರತಿ ಸಲ?"

"ಪ್ರತಿ ಸಲ."

"ಈ ಮೊಣಕಾಲು ಇಟ್ಟುಕೊಂಡು ಅಷ್ಟು ಲಗೂನ ಅಲ್ಲಿಗೆ ನಾ ಹ್ಯಾಂಗ ಬಂದೆ?"

ಹುಲಿಗೆಮ್ಮ ಎರಡು ವರ್ಷದಲ್ಲಿ ಒಂದು ಸಲವೂ ಅದನ್ನು ಯೋಚಿಸಿರಲಿಲ್ಲ.

ಹುಣಸೆಮರದ ಆ ತಿರುವು ಅವಳ ಕಣ್ಣ ಮುಂದೆ ಬಂತು. ಬೆಟ್ಟದಲ್ಲೆಲ್ಲ ಕಲ್ಲು. ಅವಳು ಬೀಳುತ್ತಿದ್ದ ಆ ಒಂದು ಜಾಗದಲ್ಲಿ ಮಾತ್ರ ಮೊಣಕಾಲು ಮುಳುಗುವಷ್ಟು ಮರಳು. ಅಷ್ಟು ಎತ್ತರದಲ್ಲಿ, ನದಿಯ ಮರಳು.

ಅದನ್ನು ಹೊತ್ತು ತಂದು ಸುರಿದು, ಅವಳು ಇಳಿಯುವ ಮೊದಲೇ ಅಲ್ಲಿ ಹೋಗಿ ಕಾಯುತ್ತಿದ್ದವರು ಯಾರೆಂದು ಈಗ ತಿಳಿಯಿತು.

"ಇವತ್ತು ಯಾಕ ಅಲ್ಲಿ ಇರಲಿಲ್ರಿ ನೀವು?" ಎಂದು ಕೊನೆಗೆ ಕೇಳಿದಳು.

"ನದೀ ಹತ್ರ ನಾ ಬೇಕಿತ್ತು," ಅಂದರು ಗುರುಗಳು. "ಮ್ಯಾಲೆ ನೀ ಇದ್ದಿಯಲ್ಲ."

ಹುಲಿಗೆಮ್ಮ ಸೊಂಟದ ಚೀಲ ಬಿಚ್ಚಿ ನೆಲಕ್ಕಿಟ್ಟಳು. ತನಗೆ ಇಳಿಜಾರು ಬೇಡ ಎಂದಳು. ಹುಡುಗಿಯ ಕೈ ಸರಿಯಾದ ಮೇಲೆ ಅವಳಿಗೇ ಕೊಡಿ, ನಾನು ಹಾಲಿನ ಕ್ಯಾನು ಕಟ್ಟಿಕೊಂಡು ಹೋಗುತ್ತೇನೆ ಎಂದಳು.

ಗುರುಗಳು ಸ್ಪ್ಯಾನರನ್ನು ಒರೆಸಿ ಅವಳ ಮುಂದೆ ಹಿಡಿದರು.

"ನೀರು ಮೊದಲು ಮುಟ್ಟಿದಾಕಿ ನೀನು. ಇಳಿಜಾರು ನಿಂದು, ಬಿಟ್ಟು ಹೋಗಾಕ ಬರಂಗಿಲ್ಲ. ಅದರ ಬೆಲೆ ಆಕಿ ಕೊಟ್ಟಾಳ."